ಚುಕ್ಕಿಯ ಮನೆಗೆ ಇನ್ನೊಂದು ಬೆಕ್ಕು

— ದೊಡ್ಡಮ್ಮಾ, ಚುಕ್ಕಿಗೆ ಒಂದು ಜೊತೆ ತರೋಣ ಅಂತಿದೀವಿ. ನಾವಿಬ್ಬರೂ ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ವಾಪಸ್ ಬರೋದು ರಾತ್ರಿ ಎಂಟಕ್ಕೆ. ಅಷ್ಟು ಹೊತ್ತೂ ಒಬ್ಬಳೇ ಕಿಟಕೀಲಿ ಕೂತಿರ್ತಾಳೆ ಅಂತ ನೆನೆಸಿಕೊಂಡರೆ ಆಫೀಸಿನಲ್ಲಿ ಕರುಳು ಚುರ್ ಅನ್ನುತ್ತೆ.

— ತರಬೇಡ ಅನ್ನಲ್ಲ. ಆದರೆ ಜೊತೆ ಬೇಕಾಗಿರೋದು ಯಾರಿಗೆ ಅಂತ ಮೊದಲು ಹೇಳು. ಚುಕ್ಕಿ ಕೇಳಿದಳಾ?

— ಅವಳು ಹೇಗೆ ಕೇಳ್ತಾಳೆ?

— ಬೇಸರ ಆದರೆ ಬೆಕ್ಕೂ ಹೇಳುತ್ತೆ. ರಾತ್ರಿಯೆಲ್ಲ ಕೂಗುತ್ತೆ. ನೆಕ್ಕಿ ನೆಕ್ಕಿ ಹೊಟ್ಟೆಯ ಕೂದಲು ಉದುರಿಸಿಕೊಳ್ಳುತ್ತೆ. ನೀನು ಬಾಗಿಲು ತೆಗೆದ ಕೂಡಲೇ ಕಾಲಿಗೆ ಜೋತು ಬಿದ್ದು ಕಚ್ಚುತ್ತೆ. ಹಾಗೇನಾದರೂ ಇದೆಯಾ?

— ಇಲ್ಲ. ನಾವು ಬಂದಾಗ ಮೈಮುರಿದು ಎದ್ದು ಬಂದು ತಟ್ಟೆ ಹತ್ತಿರ ಕೂರ್ತಾಳೆ. ಊಟ ಆದ ಮೇಲೆ ಅರ್ಧ ಗಂಟೆ ದಾರ ಹಿಡಿದು ಆಡಿಸಬೇಕು, ಅಷ್ಟೇ.

— ಹಾಗಾದರೆ ಹಗಲೆಲ್ಲ ಚೆನ್ನಾಗಿ ನಿದ್ದೆ ಹೊಡೆದಿದಾಳೆ. ಬೆಳೆದ ಬೆಕ್ಕು ದಿನಕ್ಕೆ 12ರಿಂದ 16 ಗಂಟೆ ಮಲಗುತ್ತೆ. ನಿನ್ನ ಆಫೀಸಿನ ಹೊತ್ತು ಅವಳ ನಿದ್ದೆಯ ಹೊತ್ತು.

— ಆದರೂ ಒಂಟಿ ಅಲ್ವಾ?

— ನಮ್ಮ ಲೆಕ್ಕದಲ್ಲಿ ಒಂಟಿ. ಬೆಕ್ಕಿನ ವಂಶವೇ ಒಂಟಿ ಬೇಟೆಗಾರರದ್ದು. ಪಶ್ಚಿಮ ಏಷ್ಯಾದಲ್ಲಿ ಜನ ಬೇಸಾಯ ಕಲಿತು ಧಾನ್ಯ ಕೂಡಿಡೋಕೆ ಶುರು ಮಾಡಿದಾಗ, ಕಣಜದ ಇಲಿಗಳ ಹಿಂದೆ ಕಾಡುಬೆಕ್ಕು ತಾನಾಗಿ ಊರೊಳಗೆ ಬಂತು. ಸೈಪ್ರಸ್ ದ್ವೀಪದಲ್ಲಿ 9,500 ವರ್ಷ ಹಿಂದಿನ ಒಂದು ಸಮಾಧಿ ಸಿಕ್ಕಿದೆ, ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂತಿದಾರೆ. 2004ರಲ್ಲಿ ಆ ವರದಿ ಬಂದಾಗ ಕ್ಲಾಸಿನಲ್ಲಿ ಮಕ್ಕಳಿಗೆ ಓದಿ ಹೇಳಿದ್ದೆ. ನಮ್ಮ ಜೊತೆ ಅಷ್ಟು ಹಳೆಯ ಒಡನಾಟ. ಆದರೆ ಒಂದು ಇಲಿ ಒಂದು ಬೆಕ್ಕಿಗೆ ಮಾತ್ರ ಸಾಕು, ಹಂಚಿಕೊಳ್ಳೋ ಮಾತೇ ಇಲ್ಲ. ತೋಳ ಹಿಂಡು ಕಟ್ಟಿ ಬೇಟೆ ಆಡುತ್ತೆ, ಜಗಳ ಆದ ಮೇಲೆ ಮತ್ತೆ ಒಂದಾಗದೆ ಅದಕ್ಕೆ ಬದುಕಿಲ್ಲ. ನಾಯಿಗೂ ಆ ಗುಣ ಬಂದಿದೆ. ಬೆಕ್ಕಿಗೆ ರಾಜಿ ಮಾಡಿಕೊಳ್ಳೋದು ಅಷ್ಟಾಗಿ ಗೊತ್ತಿಲ್ಲ. ಜಗಳ ಆದರೆ ದೂರ ಹೋಗಿಬಿಡುತ್ತೆ. ನಿನ್ನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಎಲ್ಲಿಗೆ ಅಂತ ಹೋಗಬೇಕು?

— ಮಂಗಳೂರಿನ ಧಕ್ಕೇಲಿ ಮೀನಿನ ಬುಟ್ಟಿ ಸುತ್ತ ಹತ್ತಾರು ಬೆಕ್ಕು ಒಟ್ಟಿಗೆ ಇರ್ತವಲ್ಲ?

— ಊಟ ಧಾರಾಳವಾಗಿ ಸಿಗೋ ಕಡೆ ಬೆಕ್ಕುಗಳೂ ಗುಂಪಾಗ್ತವೆ. ಆದರೆ ಆ ಗುಂಪಿನಲ್ಲಿ ಯಾರಿರ್ತಾರೆ ನೋಡು. ತಾಯಿ, ಅವಳ ಹೆಣ್ಣುಮಕ್ಕಳು, ಅಕ್ಕತಂಗಿಯರು. ಒಬ್ಬಳ ಮರಿಗೆ ಇನ್ನೊಬ್ಬಳು ಹಾಲೂಡಿಸೋದೂ ಉಂಟು. ಅದೇ ಹೊರಗಿನ ಬೆಕ್ಕು ಬಂದರೆ ಅಟ್ಟಿಸಿಕೊಂಡು ಹೋಗ್ತಾರೆ. ವಾರಗಟ್ಟಲೆ ಅಂಚಿನಲ್ಲೇ ಸುಳಿದಾಡಿ, ಎಲ್ಲರಿಗೂ ಅದರ ವಾಸನೆ ಅಭ್ಯಾಸ ಆದ ಮೇಲೆ ಎಲ್ಲೋ ಒಂದಕ್ಕೆ ಜಾಗ ಸಿಗುತ್ತೆ. ನೀನು ಮಾಡಬೇಕು ಅಂತಿರೋದೂ ಅದನ್ನೇ. ಆಗಲ್ಲ ಅಂತಲ್ಲ, ನಿಧಾನಕ್ಕೆ ಆಗಬೇಕು.

— ನಿಜ ಹೇಳ್ಬೇಕಂದ್ರೆ ನಮಗೇ ಇನ್ನೊಂದು ಬೇಕು ಅನ್ನಿಸಿದೆ.

— ನಮಗೆ ಬೇಕು ಅಂತ ತರೋದರಲ್ಲಿ ತಪ್ಪೇನಿಲ್ಲ ಕಣೇ. ನಮ್ಮ ಮನೆಗೂ ಎಲ್ಲಾ ಹಾಗೇ ಬಂದಿದ್ದು. ಅದನ್ನ ಒಪ್ಪಿಕೊಂಡರೆ ದೊಡ್ಡ ಅನುಕೂಲ ಇದೆ. ‘ಅವಳಿಗೋಸ್ಕರ ತಂದರೆ ಅವಳೇ ಸಿಟ್ಟು ಮಾಡ್ತಾಳಲ್ಲ’ ಅಂತ ಆಮೇಲೆ ಬೇಜಾರು ಪಡಲ್ಲ. ಅವಳ ಮನೇಲಿ ಇನ್ನೊಬ್ಬರಿಗೆ ಪಾಲು ಕೊಡು ಅಂತ ಕೇಳ್ತಿರೋರು ನಾವು. ಆ ಪಾಲು ಅವಳಿಗೆ ಆದಷ್ಟು ಹಗುರ ಆಗಬೇಕು. ಯಾವ ಬೆಕ್ಕು ತರೋದು, ಎಷ್ಟು ದಿನ ಬಾಗಿಲು ಹಾಕಿಡೋದು, ಯಾವಾಗ ಹಿಂದೆ ಸರಿಯೋದು, ಎಲ್ಲಾ ಈ ಒಂದು ಮಾತು ನೆನಪಿಟ್ಟುಕೊಂಡು ಮಾಡು.

— ಸರಿ. ಯಾವುದು ತರಲಿ? ಕೆಳಗೆ ಪಾರ್ಕಿಂಗಿನಲ್ಲಿ ಒಂದು ಬೆಕ್ಕು ಮರಿ ಹಾಕಿದೆ. ಒಂದನ್ನ ತಗೊಂಡು ಹೋಗಿ ಮೇಡಂ ಅಂತ ವಾಚ್‌ಮನ್ ದಿನಾ ಹೇಳ್ತಾನೆ. ಐದು ವಾರದ್ದು, ಅಂಗೈಯಲ್ಲಿ ಹಿಡಿಸುತ್ತೆ. ಮರಿ ಆದರೆ ಚುಕ್ಕಿ ತಾಯಿ ಥರ ನೋಡಿಕೊಳ್ತಾಳೆ ಅಂತಾರೆ ಎಲ್ಲರೂ.

— ತಾಯಿ ಪಕ್ಕದಲ್ಲೇ ಇರೋವಾಗ ಐದು ವಾರದ ಮರೀನ ಬಿಡಿಸಿ ತರಬೇಡ. ಕಚ್ಚಿದರೆ ಎಷ್ಟು ನೋವಾಗುತ್ತೆ, ಆಟ ಎಲ್ಲಿಗೆ ನಿಲ್ಲಿಸಬೇಕು, ಇವೆಲ್ಲ ಮರಿ ಕಲಿಯೋದು ಒಡಹುಟ್ಟಿದವರ ಜೊತೆ. ಫಿನ್ಲೆಂಡಿನವರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಐದು ಸಾವಿರಕ್ಕೂ ಹೆಚ್ಚು ಬೆಕ್ಕುಗಳ ಬಗ್ಗೆ ಸಾಕಿದವರನ್ನ ಕೇಳಿದ್ದರು. ಎಂಟು ವಾರಕ್ಕೆ ಮೊದಲೇ ತಾಯಿಯನ್ನ ಬಿಟ್ಟ ಬೆಕ್ಕುಗಳಲ್ಲಿ ಏರಿ ಹೋಗೋ ಸ್ವಭಾವ ಹೆಚ್ಚು ಕಂಡಿತು. 12 ವಾರವಾದರೂ ತಾಯಿ ಹತ್ತಿರ ಇರಲಿ ಬಿಡು. ಆ ಮರಿಗಳಿಗೆ ಒಳ್ಳೇದು ಮಾಡಬೇಕು ಅಂದರೆ ದಿನಾ ಕೆಳಗೆ ಹೋಗಿ ಹತ್ತು ನಿಮಿಷ ಕೂತು ಆಡಿಸು. ಎರಡರಿಂದ ಏಳು ವಾರದೊಳಗೆ ಮನುಷ್ಯರ ಕೈ ಪರಿಚಯ ಆದ ಮರಿಗೆ ಮುಂದೆ ಮನೆ ಹುಡುಕೋದು ಸುಲಭ. ತಾಯಿಗೆ ಆಪರೇಷನ್ ಮಾಡಿಸೋ ಏರ್ಪಾಡೂ ಮಾಡು. ಬೆಕ್ಕಿನ ಗರ್ಭ ಒಂಬತ್ತೇ ವಾರ, ವರ್ಷಕ್ಕೆ ಎರಡು ಮೂರು ಸೂಲು ಆಗುತ್ತೆ.

— ಚುಕ್ಕಿ ತಾಯಿ ಆಗಲ್ಲ ಅಂತೀರಾ?

— ಕೆಲವು ಬೆಕ್ಕು ಆಗ್ತವೆ. ಅದನ್ನ ನಂಬಿಕೊಂಡು ಮರಿ ತರೋ ಹಾಗಿಲ್ಲ. ವರ್ಷದೊಳಗಿನ ಮರಿಗೆ ಆಟ ಅಂದರೆ ಕುಸ್ತಿ. ಮಲಗಿರೋರ ಬಾಲದ ಮೇಲೆ ಹಾರೋದು, ಮೂಲೇಲಿ ಹೊಂಚು ಹಾಕಿ ಕುತ್ತಿಗೆಗೆ ಬೀಳೋದು. ನಮ್ಮ ಬೀದಿಯ ಒಂದು ಮನೇಲಿ ಹನ್ನೊಂದು ವರ್ಷದ ಬೆಕ್ಕಿಗೆ ಜೊತೆ ಅಂತ ಮೂರು ತಿಂಗಳ ಮರಿ ತಂದರು. ಹಳೆಯದು ಬೀರು ಹತ್ತಿದ್ದು ಇಳಿಯೋದನ್ನೇ ಬಿಟ್ಟಿತು. ಅದಕ್ಕೆ ಮಂಡಿ ನೋವು ಬೇರೆ. ಇಳಿಯೋಕೆ ಅಂತ ಮುಂಗಾಲು ಚಾಚಿದರೆ ಕೆಳಗೆ ಮರಿ ಸೊಂಟ ಅಲ್ಲಾಡಿಸ್ತಾ ಹಾರೋಕೆ ತಯಾರಾಗಿರ್ತಿತ್ತು. ಮರಿಯದ್ದೇನು ತಪ್ಪು, ಅದರ ವಯಸ್ಸಿಗೆ ತಕ್ಕ ಹಾಗೆ ಅದು ಆಡ್ತಿತ್ತು. ಆದರೆ ಮುದಿ ಬೆಕ್ಕಿನ ಕೊನೆಗಾಲ ಬೀರಿನ ಮೇಲೆ ಕಳೀತು. ವಯಸ್ಸಾದ ಬೆಕ್ಕಿರೋ ಮನೆಗೆ ಮರಿ ತರಲೇಬೇಕು ಅಂದರೆ ಎರಡು ತರೋದು ವಾಸಿ. ಅವೆರಡೂ ತಮ್ಮತಮ್ಮಲ್ಲೇ ಉರುಳಾಡಿ ಸುಸ್ತಾಗ್ತವೆ.

— ಆಫೀಸಿನಲ್ಲಿ ಒಬ್ಬರು ಪರ್ಷಿಯನ್ ಮರಿ ಕೊಡಿಸ್ತೀನಿ ಅಂದಿದಾರೆ. ಶಾಂತ ಸ್ವಭಾವ ಅಂತೆ.

— ಶಾಂತವೇನೋ ಹೌದು. ಮುಖ ಚಪ್ಪಟೆ ಇದ್ದಷ್ಟೂ ಉಸಿರಾಟ ಕಷ್ಟ, ಕಣ್ಣಲ್ಲಿ ಸದಾ ನೀರು. ಆ ತಳಿಯಲ್ಲಿ ಮೂತ್ರಪಿಂಡದ ತುಂಬ ನೀರುಗುಳ್ಳೆ ಬೆಳೆಯೋ ಕಾಯಿಲೆ ತಲೆಮಾರಿನಿಂದ ತಲೆಮಾರಿಗೆ ಬರುತ್ತೆ. ದಿನಾ ಬಾಚದೆ ಬಿಟ್ಟರೆ ಕೂದಲು ಗಂಟು ಕಟ್ಟಿ ಚರ್ಮ ಎಳೆಯುತ್ತೆ. ಒಂಬತ್ತರಿಂದ ಎಂಟರವರೆಗೆ ಹೊರಗಿರೋ ನಿಮಗೆ ಅದು ಬೇಡ. ಬೀದೀಲಿ ಇಷ್ಟು ಬೆಕ್ಕು ಮನೆ ಇಲ್ಲದೆ ಇರೋವಾಗ ದುಡ್ಡು ಕೊಟ್ಟು ತರೋದು ನನಗೆ ಹಿಡಿಸಲ್ಲ.

— ಇನ್ನೊಂದು ಇದೆ. ರಾಜಾಜಿನಗರದಲ್ಲಿ ಒಬ್ಬರು ಗಾಯ ಆದ ಬೆಕ್ಕುಗಳನ್ನ ತಂದು, ಗುಣ ಮಾಡಿ, ಮನೆ ಹುಡುಕಿ ಕೊಡ್ತಾರೆ. ಅವರ ಹತ್ತಿರ ಎರಡು ವರ್ಷದ ಒಂದು ಗಂಡಿದೆ, ಕೇಸರಿ ಬಣ್ಣ. ದಪ್ಪ ಮುಖ, ಒಂದು ಕಿವಿಯ ತುದಿ ಕತ್ತರಿಸಿದೆ. ನಮ್ಮನೆಯವರು ಬೇಡ ಅಂತಾರೆ, ಬೆಳೆದಿರೋದು ಹೊಂದಿಕೊಳ್ಳಲ್ಲ ಅಂತ.

— ಕಿವಿಯ ತುದಿ ತೆಗೆದಿರೋದು ಆಪರೇಷನ್ ಆಗಿರೋದಕ್ಕೆ ಗುರುತು. ಬೆಳೆದಿರೋದು ಒಂದು ಲಾಭ. ಮರಿ ಮುಂದೆ ಹೇಗಾಗುತ್ತೋ ಯಾರಿಗೂ ಗೊತ್ತಿರಲ್ಲ, ಎರಡು ವರ್ಷದ ಬೆಕ್ಕು ಹೇಗಿದೆ ಅಂತ ಕಣ್ಣಾರೆ ನೋಡಬಹುದು. ಚುಕ್ಕಿಗೆ ನಾಲ್ಕು, ಅವನಿಗೆ ಎರಡು, ಇಬ್ಬರ ಓಡಾಟವೂ ಹೊಂದುತ್ತೆ. ಅವರ ಮನೇಲಿ ಬೇರೆ ಬೆಕ್ಕುಗಳಿವೆಯಾ?

— ನಾಲ್ಕೈದು ಇವೆ.

— ಹಾಗಾದರೆ ಹೋಗಿ ಒಂದು ಗಂಟೆ ಕೂತು ನೋಡು. ಇನ್ನೊಂದು ಬೆಕ್ಕು ಅವನನ್ನ ನೋಡಿ ಗುರ್ ಅಂದರೆ ಅವನೇನು ಮಾಡ್ತಾನೆ? ಇದರ ಉತ್ತರ ಬಣ್ಣ, ತಳಿ, ಗಂಡು ಹೆಣ್ಣು ಎಲ್ಲಕ್ಕಿಂತ ಮುಖ್ಯ. ಮುಖ ತಿರುಗಿಸಿ ಆಚೆ ಹೋಗಿ ಕೂತರೆ ಧೈರ್ಯವಾಗಿ ತಗೋ. ನೆಟ್ಟಗೆ ದಿಟ್ಟಿಸಿಕೊಂಡು ನಿಂತರೆ, ಎಷ್ಟೇ ಮುದ್ದಾಗಿರಲಿ, ಚುಕ್ಕಿಗೆ ಬೇಡ. ಚುಕ್ಕಿಯನ್ನೂ ನೋಡು. ಬಾಲ್ಕನಿಯಿಂದ ಕೆಳಗಿನ ಬೆಕ್ಕು ಕಂಡರೆ ಏನು ಮಾಡ್ತಾಳೆ?

— ನೋಡ್ತಾಳೆ. ಬಾಲದ ತುದಿ ಅಲ್ಲಾಡುತ್ತೆ. ಕೂಗಲ್ಲ, ಹೊಡೆದಾಡೋ ಥರ ಏನೂ ಇಲ್ಲ.

— ಅವಳು ಬಂದಾಗ ಮೂರು ತಿಂಗಳಾಗಿತ್ತು, ಅಲ್ಲೀವರೆಗೆ ತಾಯಿ, ಅಣ್ಣತಮ್ಮಂದಿರ ಜೊತೆ ಇದ್ದವಳು. ಆ ನೆನಪು ಒಳಗೆಲ್ಲೋ ಇರುತ್ತೆ.

— ಗಂಡು ಹೆಣ್ಣು ಲೆಕ್ಕಕ್ಕೆ ಬರಲ್ವಾ? ಕೇಸರಿ ಬೆಕ್ಕು ತುಂಬ ಸ್ನೇಹ ಅಂತಾರೆ.

— ಕೇಸರಿ ಬೆಕ್ಕು ಹೆಚ್ಚಿನವು ಗಂಡು. ಚುಕ್ಕಿ ಥರ ಮೂರು ಬಣ್ಣದವು ಹೆಚ್ಚುಕಡಿಮೆ ಎಲ್ಲಾ ಹೆಣ್ಣು. ಆ ಬಣ್ಣದ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿರೋದು ಅದಕ್ಕೆ ಕಾರಣ. ಅದು ಇಂಥದ್ದೇ ಜೀನ್ ಅಂತ ಜಪಾನ್, ಅಮೆರಿಕದ ಎರಡು ತಂಡಗಳು ಪ್ರಕಟಿಸಿದ್ದು ಮೊನ್ನೆ ಮೊನ್ನೆ, 2025ರಲ್ಲಿ. ಸ್ವಭಾವವನ್ನ ಮಾತ್ರ ಬಣ್ಣ ನೋಡಿ ಹೇಳೋಕಾಗಲ್ಲ. ಇಬ್ಬರಿಗೂ ಆಪರೇಷನ್ ಆಗಿದ್ದರೆ ಗಂಡು ಹೆಣ್ಣು ಅಂತ ತಲೆ ಕೆಡಿಸಿಕೊಳ್ಳಬೇಡ. ಕಾರ್ನೆಲ್ ವಿಶ್ವವಿದ್ಯಾಲಯದವರು 2005ರಲ್ಲಿ ಇದನ್ನೇ ನೋಡಿದರು, ಮನೇಲಿ ಬೆಕ್ಕಿದ್ದೂ ಆಶ್ರಯಧಾಮದಿಂದ ಇನ್ನೊಂದು ತಂದವರನ್ನ ಕೇಳಿ. ಹೆಚ್ಚುಕಡಿಮೆ ಅರ್ಧ ಮನೆಗಳಲ್ಲಿ ಮೊದಲು ಕಚ್ಚಾಟ ಪರಚಾಟ ಆಗಿತ್ತು. ಮೊದಲ ಭೇಟಿ ಕೆಟ್ಟ ಮನೆಗಳಲ್ಲಿ ಆಮೇಲೂ ಜಗಳ ಮುಂದುವರಿದಿತ್ತು. ತೆನಾಲಿ ರಾಮಕೃಷ್ಣನ ಬೆಕ್ಕಿಗೆ ಮೊದಲ ದಿನ ಕುದಿಯೋ ಹಾಲಿಟ್ಟರು, ಆಮೇಲೆ ತಣ್ಣಗಿನ ಹಾಲಿನ ಬಟ್ಟಲು ಕಂಡರೂ ಓಡ್ತಿತ್ತು. ಇದೂ ಹಾಗೇ. ಮೊದಲ ದಿನ ಸುಟ್ಟುಕೊಂಡರೆ ವರ್ಷಗಟ್ಟಲೆ ಸರಿಹೋಗಲ್ಲ.

— ಅವನನ್ನ ತರೋ ದಿನ ಮೊದಲು ಏನು ಮಾಡಬೇಕು?

— ತರೋದಕ್ಕೂ ಮುಂಚಿನ ಕೆಲಸ ಇದೆ. ಡಾಕ್ಟರ ಹತ್ತಿರ ಅವನ ರಕ್ತ ಪರೀಕ್ಷೆ ಮಾಡಿಸು. ಬೆಕ್ಕುಗಳಲ್ಲೂ ರೋಗನಿರೋಧಕ ಶಕ್ತಿ ಕುಂದಿಸೋ ಎಫ್‌ಐವಿ, ರಕ್ತದ ಕ್ಯಾನ್ಸರ್ ತರೋ ಎಫ್‌ಇಎಲ್‌ವಿ ಅಂತ ಎರಡು ವೈರಸ್ ಇವೆ. ಎರಡೂ ಬೆಕ್ಕಿನಿಂದ ಬೆಕ್ಕಿಗೆ ಹರಡ್ತವೆ, ನಮಗೆ ಬರಲ್ಲ. ಬೀದೀಲಿ ಹೊಡೆದಾಡಿದ ಗಂಡಿಗೆ ಆ ಪರೀಕ್ಷೆ ಬೇಕೇ ಬೇಕು. ಟ್ರೈಕ್ಯಾಟ್ ಚುಚ್ಚುಮದ್ದು, ರೇಬೀಸ್ ಚುಚ್ಚುಮದ್ದು ಆಗಿದೆಯಾ ಕೇಳು. ಚುಕ್ಕಿಯದೂ ಬಾಕಿ ಇದ್ದರೆ ಈಗಲೇ ಹಾಕಿಸು. ಪ್ಯಾನ್‌ಲ್ಯೂಕೋಪೀನಿಯಾ ಅಂತ ವಾಂತಿ ಭೇದಿ ರೋಗ ಇದೆಯಲ್ಲ, ಲಸಿಕೆ ಆಗದ ಬೆಕ್ಕನ್ನ ಎರಡು ಮೂರು ದಿನದಲ್ಲಿ ತಗೊಂಡು ಹೋಗಿಬಿಡುತ್ತೆ. ಅದರ ವೈರಸ್ಸು ನೆಲದಲ್ಲಿ, ಬಟ್ಟೇಲಿ ತಿಂಗಳುಗಟ್ಟಲೆ ಬದುಕಿರುತ್ತೆ. ಎಲ್ಲಾ ಸರಿಯಿದ್ದರೂ ಹತ್ತು ಹದಿನಾಲ್ಕು ದಿನ ಬೇರೆ ರೂಮು. ಹೇಗೂ ಪರಿಚಯಕ್ಕೆ ಅಷ್ಟು ದಿನ ಬೇಕು, ಎರಡೂ ಒಟ್ಟಿಗೆ ಆಗುತ್ತೆ.

— ಯಾವ ರೂಮು ಕೊಡಲಿ?

— ಚುಕ್ಕಿ ಎಲ್ಲಿ ಕಡಿಮೆ ಮಲಗ್ತಾಳೋ ಅದನ್ನ. ಅವಳ ಕಿಟಕಿ ಇರೋ ರೂಮು ಕಿತ್ತುಕೊಂಡರೆ ಮೊದಲ ದಿನವೇ ಲೆಕ್ಕ ತಪ್ಪುತ್ತೆ. ಅವನ ರೂಮಿನಲ್ಲಿ ನೀರು, ಊಟ, ಮರಳಿನ ತಟ್ಟೆ, ಮಗುಚಿ ಹಾಕಿದ ಒಂದು ರಟ್ಟಿನ ಪೆಟ್ಟಿಗೆ. ಬಚ್ಚಿಟ್ಟುಕೊಳ್ಳೋಕೆ ಜಾಗ ಇಲ್ಲದಿದ್ದರೆ ಮಂಚದ ಕೆಳಗಿನ ಮೂಲೆ ಸೇರಿ ಎರಡು ದಿನ ಊಟ ಬಿಡ್ತಾನೆ. ಬೆಕ್ಕು ಎರಡು ಮೂರು ದಿನ ಪೂರ್ತಿ ಉಪವಾಸ ಇರೋದು ಒಳ್ಳೇದಲ್ಲ, ಅದರಲ್ಲೂ ದಪ್ಪಗಿರೋದಕ್ಕೆ ಕೊಬ್ಬೆಲ್ಲ ಯಕೃತ್ತಿಗೆ ಇಳಿದು ಪ್ರಾಣಕ್ಕೇ ಬರುತ್ತೆ. ಹಾಗಾದರೆ ಕಾಯದೆ ಡಾಕ್ಟರ ಹತ್ತಿರ ಹೋಗು. ಮರಳಿನ ತಟ್ಟೆ ಒಟ್ಟು ಮೂರು ಬೇಕು, ಬೆಕ್ಕಿಗೊಂದು, ಮೇಲೊಂದು.

— ಮೂರನ್ನೂ ಬಾಲ್ಕನೀಲಿ ಇಡ್ತೀನಿ.

— ಸಾಲಾಗಿ ಇಟ್ಟರೆ ಬೆಕ್ಕಿಗೆ ಅದು ಒಂದೇ. ಬಾಗಿಲಲ್ಲಿ ಒಬ್ಬ ಕೂತರೆ ಇನ್ನೊಬ್ಬಳಿಗೆ ಮೂರೂ ಸಿಗಲ್ಲ. ಬೇರೆ ಬೇರೆ ಕಡೆ ಇಡು. ಇನ್ನೊಂದು ಮಾತು, ನಿಮ್ಮ ಕೆಲಸದವಳು ನೆಲ ಯಾವುದರಲ್ಲಿ ಒರೆಸ್ತಾಳೆ?

— ಫಿನಾಯಿಲ್.

— ಇವತ್ತೇ ನಿಲ್ಲಿಸಿಬಿಡು. ಅದರಲ್ಲಿರೋ ಫಿನಾಲನ್ನ ಬೆಕ್ಕಿನ ಯಕೃತ್ತು ಅರಗಿಸಿಕೊಳ್ಳಲಾರದು. ಒದ್ದೆ ನೆಲ ತುಳೀತಾಳೆ, ಪಾದ ನೆಕ್ಕುತಾಳೆ, ಹೊಟ್ಟೆಗೆ ಹೋಗುತ್ತೆ. ಇನ್ನೊಂದು ತೊಂದರೆಯೂ ಇದೆ. ಚುಕ್ಕಿ ದಿನಾ ಬಾಗಿಲ ಚೌಕಟ್ಟಿಗೆ, ಸೋಫಾದ ಮೂಲೆಗೆ, ನಿನ್ನ ಕಾಲಿಗೆ ಕೆನ್ನೆ ಉಜ್ಜುತ್ತಾಳಲ್ಲ, ಅವಳ ಕೆನ್ನೇಲಿ, ಗಲ್ಲದಲ್ಲಿ, ಹಣೇಲಿ, ಪಾದದಲ್ಲಿ ವಾಸನೆಯ ಗ್ರಂಥಿಗಳಿವೆ. ಇದು ನನ್ನ ಮನೆ ಅನ್ನೋ ಧೈರ್ಯ ಅವಳಿಗೆ ಬರೋದು ಆ ವಾಸನೆಯಿಂದ. ಅದನ್ನೆಲ್ಲ ಒರೆಸಿ, ಮೂಗು ಸುಡೋ ನೀರು ಹಾಕಿ, ಅದರ ಮೇಲೆ ಹೊಸ ಬೆಕ್ಕು ತಂದರೆ ಅವಳಿಗೆ ಏನು ಉಳೀತು? ಬರೀ ನೀರಲ್ಲಿ ಒರೆಸಲಿ. ಅವಳು ಉಜ್ಜಿದ ಮೂಲೆಗಳನ್ನ ಮುಟ್ಟಬೇಡ ಅನ್ನು.

*

— ದೊಡ್ಡಮ್ಮಾ, ಅವನು ಬಂದು ವಾರದ ಮೇಲಾಯ್ತು. ನೀವು ಹೇಳಿದ ಹಾಗೇ ಅವರ ಮನೇಲಿ ಕೂತು ನೋಡಿದೆ. ಒಂದು ಕಪ್ಪು ಬೆಕ್ಕು ಬಂದು ಉಸ್ ಅಂದಿದ್ದಕ್ಕೆ ಪಕ್ಕಕ್ಕೆ ತಿರುಗಿ ಬೆನ್ನು ನೆಕ್ಕಿಕೊಂಡ. ಅಲ್ಲೇ ತೀರ್ಮಾನ ಮಾಡಿದೆ. ಇಲ್ಲಿ ಬಂದು ಒಂದು ದಿನ ಪೆಟ್ಟಿಗೇಲಿ ಇದ್ದ, ಆಮೇಲೆ ಊಟ ಶುರು ಮಾಡಿದ. ಚುಕ್ಕಿಯದೇ ಚಿಂತೆ.

— ಏನು ಮಾಡ್ತಿದಾಳೆ?

— ಮುಚ್ಚಿದ ಬಾಗಿಲಿನ ಸಂದಿಗೆ ಮೂಗಿಟ್ಟು ಬಾಯಿ ಅರ್ಧ ತೆರೆದು ನಿಂತುಬಿಡ್ತಾಳೆ. ಆಮೇಲೆ ಉಸ್ ಅಂದು ಓಡಿ ಹೋಗ್ತಾಳೆ. ಇವರು ಆ ರೂಮಿಂದ ಬಂದರೆ ಇವರ ಪ್ಯಾಂಟು ಮೂಸಿ ಇವರಿಗೂ ಉಸ್ ಅಂತಾಳೆ. ಇವರಿಗೆ ತುಂಬ ಬೇಜಾರಾಗಿದೆ.

— ಬಾಯಿ ತೆರೆದು ನಿಲ್ಲೋದು ವಾಸನೆಯನ್ನ ಕೂಲಂಕಷ ಓದೋದು. ಅಂಗುಳಿನಲ್ಲಿ ಅದಕ್ಕೇ ಒಂದು ಅಂಗ ಇದೆ. ಉಸ್ ಅನ್ನೋದಕ್ಕೆ ಹೆದರಬೇಡ, ಗದರಲೂ ಬೇಡ. ‘ಹತ್ತಿರ ಬರಬೇಡ’ ಅಂತ ಹೇಳ್ತಿದಾಳೆ ಅಷ್ಟೇ. ಗದರಿದರೆ ಆ ವಾಸನೆ ಬಂದಾಗೆಲ್ಲ ಬೈಗುಳ ಬರುತ್ತೆ ಅಂತ ಕಲೀತಾಳೆ. ನೀನು ಕಲಿಸಬೇಕಾಗಿರೋದು ಅದರ ತದ್ವಿರುದ್ಧ. ಅವಳಿಗೆ ಪ್ರಾಣ ಅನ್ನೋ ತಿಂಡಿ ಯಾವುದು?

— ಬೇಯಿಸಿದ ಬೂತಾಯಿ.

— ಇನ್ನು ಮೇಲೆ ಬೂತಾಯಿ ಸಿಗೋದು ಆ ಬಾಗಿಲ ಹತ್ತಿರ ಮಾತ್ರ. ಒಳಗೆ ಅವನ ತಟ್ಟೆ, ಹೊರಗೆ ಅವಳ ತಟ್ಟೆ, ಒಂದೇ ಹೊತ್ತಿಗೆ. ಎಷ್ಟು ದೂರದಲ್ಲಿಟ್ಟರೆ ಅವಳು ತಲೆ ಎತ್ತದೆ ತಿಂತಾಳೋ ಅಲ್ಲಿಂದ ಶುರು. ದಿನಕ್ಕೆ ಒಂದು ಗೇಣು ಹತ್ತಿರ ತಾ. ತಿನ್ನೋದು ನಿಲ್ಲಿಸಿ ಬಾಗಿಲನ್ನೇ ನೋಡಿದರೆ ಮತ್ತೆ ಹಿಂದಕ್ಕೆ ಸರಿಸು. ಇನ್ನೊಂದು, ಹಳೇ ಬನಿಯನ್ ಹರಿದು ಎರಡು ತುಂಡು ಮಾಡು. ಒಂದರಿಂದ ಅವನ ಕೆನ್ನೆ ಮೆಲ್ಲಗೆ ಉಜ್ಜಿ ಅವಳ ತಿಂಡಿ ತಟ್ಟೆ ಪಕ್ಕ ಇಡು, ಅವಳದು ಅವನ ಪಕ್ಕ. ದಿನಾ ಮಾಡು.

*

— ನೀವು ಹೇಳಿದ ಹಾಗೇ ದಿನಾ ಬನಿಯನ್ ತುಂಡು ಇಟ್ಟೆ ದೊಡ್ಡಮ್ಮಾ. ಮೊದಲು ಬಟ್ಟೆ ಕಂಡರೆ ಸುತ್ತು ಹಾಕಿಕೊಂಡು ಹೋಗ್ತಿದ್ದಳು. ಈಗ ಅದರ ಮೇಲೆ ಕಾಲಿಟ್ಟು ಮೀನು ತಿಂತಾಳೆ.

— ಸರಿ, ಮುಂದಕ್ಕೆ ಹೋಗಬಹುದು. ದಿನಕ್ಕೊಮ್ಮೆ ಜಾಗ ಅದಲು ಬದಲು ಮಾಡು. ಅವಳನ್ನ ನಿಮ್ಮನೆಯವರ ಜೊತೆ ನಿಮ್ಮ ರೂಮಿನಲ್ಲಿ ಕೂಡಿಸಿ, ಅವನನ್ನ ಹಾಲಿನಲ್ಲಿ ಅರ್ಧ ಗಂಟೆ ಓಡಾಡೋಕೆ ಬಿಡು. ಎಲ್ಲೆಲ್ಲಿ ಹತ್ತೋಕಾಗುತ್ತೆ, ಎಲ್ಲಿಂದ ತಪ್ಪಿಸಿಕೊಳ್ಳಬಹುದು ಅಂತ ಅವನಿಗೆ ಮೊದಲೇ ಗೊತ್ತಿರಬೇಕು. ಆಮೇಲೆ ಅವನ ಖಾಲಿ ರೂಮಿಗೆ ಅವಳು ಹೋಗಿ ಮೂಸಲಿ. ಆ ರೂಮಿಗೆ ಸೊಳ್ಳೆ ಜಾಲರಿಯ ಬಾಗಿಲಿದೆ ಅಂದಿದ್ದೆ ಅಲ್ವಾ?

— ಬಾಲ್ಕನಿ ಬಾಗಿಲಿಗಿದೆ. ಇವರು ಅದನ್ನ ಬಿಚ್ಚಿ ರೂಮಿನ ಬಾಗಿಲಿಗೆ ಹಾಕಿಸ್ತೀನಿ ಅಂತಿದಾರೆ. ಬಾಲ್ಕನಿಗೆ ಹೇಗೂ ಪಾರಿವಾಳದ ಬಲೆ ಕಟ್ಟಿಸಿದೀವಿ.

— ಪುಣ್ಯಾತ್ಮ. ಜಾಲರಿ ನೈಲಾನಿನದಾದರೆ ಪರಚಿ ಹರೀತಾರೆ, ಸ್ಟೀಲಿನದು ಹಾಕಿಸಿ. ಮೊದಮೊದಲು ಅದರ ಮೇಲೊಂದು ಬೆಡ್‌ಶೀಟ್ ಇಳಿಬಿಡು, ಕೆಳಗೆ ಒಂದು ಗೇಣು ಮಾತ್ರ ಬಿಟ್ಟಿರು. ಪಾದ ಕಾಣಲಿ, ಮುಖ ಬೇಡ. ಎರಡೂ ಕಡೆ ಊಟ. ಅದು ಸಲೀಸಾದರೆ ಬೆಡ್‌ಶೀಟ್ ಇನ್ನೂ ಸ್ವಲ್ಪ ಮೇಲಕ್ಕೆತ್ತು. ಪ್ರತಿ ಸಲವೂ ಇಬ್ಬರೂ ಇನ್ನೂ ಸಮಾಧಾನದಲ್ಲಿರೋವಾಗಲೇ ಮುಗಿಸು. ಇವತ್ತು ಚೆನ್ನಾಗಿದಾರೆ, ಇನ್ನೊಂದು ಹತ್ತು ನಿಮಿಷ ಬಿಡೋಣ ಅನ್ನಿಸುತ್ತೆ, ಬಿಡಬೇಡ.

— ದಿಟ್ಟಿಸಿ ನೋಡಿದರೆ?

— ರೆಪ್ಪೆ ಬಡಿಯದೆ, ಮೈ ಬಿಗಿ ಮಾಡಿ, ಕಿವಿ ಪಕ್ಕಕ್ಕೆ ತಿರುಗಿಸಿ ನೋಡಿದರೆ ನಡುವೆ ಒಂದು ದಿಂಬು ಅಡ್ಡ ಹಿಡಿ. ಕೈ ಹಾಕಬೇಡ. ಸಿಟ್ಟಿನಲ್ಲಿರೋ ಬೆಕ್ಕಿಗೆ ಕೈ ಯಾರದು ಅಂತ ಗೊತ್ತಾಗಲ್ಲ. ಕಣ್ಣು ಅರ್ಧ ಮುಚ್ಚಿ ನಿಧಾನಕ್ಕೆ ತೆರೆದರೆ, ಮುಖ ಬೇರೆ ಕಡೆ ತಿರುಗಿಸಿದರೆ, ಅಲ್ಲೇ ಕೂತು ಮೈ ನೆಕ್ಕಿಕೊಂಡರೆ ಒಳ್ಳೇ ಸೂಚನೆ.

*

— ನಿನ್ನೆ ಜಾಲರಿ ತೆಗೆದು ಇಬ್ಬರನ್ನೂ ಹಾಲಿನಲ್ಲಿ ಬಿಟ್ಟೆವು. ಇವರು ಒಂದು ದಾರ, ನಾನೊಂದು ದಾರ ಹಿಡಿದು ಬೇರೆ ಬೇರೆ ಆಡಿಸಿದೆವು. ಅವನು ಹತ್ತಿರ ಹೋಗಿ ಮೂಗು ಮುಂದೆ ಚಾಚಿದ. ಚುಕ್ಕಿ ಒಂದು ಏಟು ಕೊಟ್ಟಳು. ಅವನು ಉರುಳಿ ಬಿದ್ದ. ಜೀವ ಬಾಯಿಗೆ ಬಂತು ನನಗೆ.

— ಉಗುರು ಹೊರಗಿತ್ತಾ?

— ಇಲ್ಲ ಅನ್ಸುತ್ತೆ. ಶಬ್ದ ಏನೂ ಇರಲಿಲ್ಲ. ಅವನು ಎದ್ದು ದೂರ ಹೋಗಿ ಕೂತ. ಸ್ವಲ್ಪ ಹೊತ್ತಿಗೆ ಅವಳೇ ಹಿಂದಿನಿಂದ ಹೋಗಿ ಅವನ ಬಾಲ ಮೂಸಿದಳು.

— ಅದು ಜಗಳವಲ್ಲ, ಮರ್ಯಾದೆ ಹೇಳಿಕೊಟ್ಟಿದ್ದು. ಆಟದಲ್ಲಿ ಸದ್ದಿರಲ್ಲ. ಒಮ್ಮೆ ಇವನು ಓಡಿಸಿದರೆ ಇನ್ನೊಮ್ಮೆ ಅವಳು ಓಡಿಸ್ತಾಳೆ, ನಡುನಡುವೆ ನಿಂತು ಉಸಿರು ತಗೋತಾರೆ. ಜಗಳದಲ್ಲಿ ಕಿರುಚಾಟ, ಬಾಲ ಉಬ್ಬುತ್ತೆ, ಕೂದಲು ಹಾರುತ್ತೆ. ಓಡಿಸೋನು ಯಾವಾಗಲೂ ಒಬ್ಬನೇ ಆಗಿರ್ತಾನೆ. ಆದರೆ ಸದ್ದಿಲ್ಲದ ಜಗಳವೂ ಒಂದಿದೆ, ನನಗೆ ಭಯ ಅದರದ್ದೇ. ಒಬ್ಬ ಹೋಗಿ ಪ್ಯಾಸೇಜಿನ ನಡುವೆ ಆರಾಮಾಗಿ ಮಲಗ್ತಾನೆ. ನೋಡೋರಿಗೆ ಮುದ್ದಾಗಿ ಕಾಣುತ್ತೆ. ಇನ್ನೊಬ್ಬಳು ಮರಳಿನ ತಟ್ಟೆಗೆ ಹೋಗಬೇಕು ಅಂತ ಬಂದು, ಅವನನ್ನ ನೋಡಿ, ವಾಪಸ್ ಹೋಗ್ತಾಳೆ. ಮನೆಯವರಿಗೆ ಗೊತ್ತೇ ಆಗಲ್ಲ. ಆಮೇಲೆ ಒಂದು ದಿನ ಹಾಸಿಗೆ ಮೇಲೆ ಉಚ್ಚೆ ಹೊಯ್ದಳು ಅಂತ ಬೈಸಿಕೊಳ್ತಾಳೆ.

— ನೋಡಿಕೊಳ್ತೀನಿ. ಹಾಲಿನಿಂದ ಬಾಲ್ಕನಿಗೆ ಎರಡು ದಾರಿ ಇದೆ.

— ಎತ್ತರದಲ್ಲೂ ದಾರಿ ಮಾಡು. ಪುಸ್ತಕದ ಬೀರು, ಶೋಕೇಸು, ಅಟ್ಟ, ಒಂದರಿಂದ ಒಂದಕ್ಕೆ ಕಾಲಿಡೋ ಹಾಗಿರಲಿ. ಸಣ್ಣ ಮನೆಗೆ ಗೋಡೆಯ ಮೇಲೇ ಜಾಗ ಹುಡುಕಬೇಕು. ನೀರು ಎರಡು ಕಡೆ, ಊಟ ಎರಡು ಕಡೆ, ಒಬ್ಬರಿಗೆ ಇನ್ನೊಬ್ಬರು ಕಾಣದ ಹಾಗೆ. ಇನ್ನೊಂದು ಮಾತು ಗಟ್ಟಿಯಾಗಿ ನೆನಪಿಟ್ಟುಕೋ. ಮನಸ್ಸಿನ ಒತ್ತಡ ಬೆಕ್ಕಿನ ಮೂತ್ರಕೋಶಕ್ಕೆ ಇಳಿಯುತ್ತೆ. ಓಹಿಯೋದಲ್ಲಿ ಬಫಿಂಗ್ಟನ್ ಅನ್ನೋ ಪಶುವೈದ್ಯರು ಇದರ ಮೇಲೇ ವರ್ಷಗಟ್ಟಲೆ ಕೆಲಸ ಮಾಡಿದಾರೆ. ಸೋಂಕು ಇಲ್ಲದಿದ್ದರೂ ಉರಿ, ರಕ್ತ ಎಲ್ಲಾ ಬರುತ್ತೆ. ಗಂಡು ಬೆಕ್ಕಿಗೆ ದಾರಿ ಸಣ್ಣದು, ಕಟ್ಟಿಕೊಂಡುಬಿಡುತ್ತೆ. ಅವನು ಪದೇ ಪದೇ ಮರಳಿನ ತಟ್ಟೆಗೆ ಹೋಗಿ ತಿಣುಕಿ ಏನೂ ಬರದೆ ಎದ್ದು ಬಂದರೆ ಬೆಳಗಾಗಲಿ ಅಂತ ಕಾಯಬೇಡ. ರಾತ್ರಿ ಎರಡಾಗಿದ್ದರೂ ಆಸ್ಪತ್ರೆಗೆ ಓಡು. ಒಂದೆರಡು ದಿನ ತಡ ಆದರೆ ಉಳಿಯಲ್ಲ.

— ಇಬ್ಬರೂ ತಬ್ಬಿಕೊಂಡು ಮಲಗೋದು ಯಾವಾಗ ದೊಡ್ಡಮ್ಮಾ?

— ಮಲಗದೇ ಇರಬಹುದು. ಒಂದೇ ಹೊಟ್ಟೇಲಿ ಹುಟ್ಟಿದವು ಹಾಗೆ ಮಲಗ್ತವೆ, ಕೆಲವು ಪರಕೀಯರೂ ಮಲಗ್ತಾರೆ. ಬಹಳ ಬೆಕ್ಕುಗಳು ಒಂದೇ ಮನೇಲಿ ಎರಡು ಸಂಸಾರ ಹೂಡಿಕೊಂಡು ಬಾಳ್ತವೆ. ಅವಳಿಗೆ ಬೆಳಗಿನ ಕಿಟಕಿ, ಇವನಿಗೆ ಸಂಜೆ ಕಿಟಕಿ. ಇಬ್ಬರೂ ಹೊಟ್ಟೆ ತುಂಬ ತಿಂದು, ಬೆನ್ನು ತೋರಿಸಿ ಮಲಗೋ ಅಷ್ಟು ನಂಬಿಕೆ ಬಂದರೆ ಅದಕ್ಕಿಂತ ಹೆಚ್ಚು ಕೇಳಬೇಡ. ತಿಂಗಳುಗಟ್ಟಲೆ ಮಾಡಿದರೂ ಅವಳು ಮಂಚದ ಕೆಳಗಿಂದ ಈಚೆ ಬರದೇ ಇದ್ದಿದ್ದರೆ ಅವನಿಗೆ ಬೇರೆ ಒಳ್ಳೇ ಮನೆ ಹುಡುಕು ಅಂತ ನಾನೇ ಹೇಳ್ತಿದ್ದೆ. ಅದರಲ್ಲಿ ಅವಮಾನ ಇಲ್ಲ. ಆ ರಾಜಾಜಿನಗರದವರಿಗೂ ಮೊದಲೇ ಈ ಮಾತು ಹೇಳಿದೀಯಲ್ಲ?

— ಹೇಳಿದೀನಿ. ಹೊಂದಿಕೆ ಆಗದಿದ್ದರೆ ವಾಪಸ್ ತಗೋತೀನಿ, ಬೀದಿಗೆ ಮಾತ್ರ ಬಿಡಬೇಡಿ ಅಂದಿದಾರೆ. ಮುಂದಿನ ವಾರ ಚುಕ್ಕಿಗೆ ಚುಚ್ಚುಮದ್ದು ಇದೆ.

— ಒಬ್ಬಳನ್ನೇ ಕರ್ಕೊಂಡು ಹೋಗ್ತೀಯಾ? ಹಾಗಾದರೆ ಬಂದ ಕೂಡಲೇ ಹಾಲಿಗೆ ಬಿಡಬೇಡ. ಆಸ್ಪತ್ರೆಯ ಸ್ಪಿರಿಟ್ ವಾಸನೆ, ಬೇರೆ ನಾಯಿಗಳ ವಾಸನೆ ಹೊತ್ತು ಬಂದಿರ್ತಾಳೆ. ಅವನಿಗೆ ಅವಳು ಚುಕ್ಕಿ ಅಂತ ಗುರುತೇ ಸಿಗಲ್ಲ. ವರ್ಷಗಟ್ಟಲೆ ಒಟ್ಟಿಗಿದ್ದ ಬೆಕ್ಕುಗಳೂ ಆ ಗಳಿಗೇಲಿ ಹೊಡೆದಾಡಿ ಬೇರೆಯಾಗಿದ್ದು ಉಂಟು. ರಾತ್ರಿ ಬೇರೆ ರೂಮಿನಲ್ಲಿ ಮಲಗಿಸು. ಅವಳ ಹಳೇ ಹಾಸಿಗೆ ಮೇಲೆ ಹೊರಳಾಡಿ ತನ್ನ ವಾಸನೆ ವಾಪಸ್ ತಗೊಳ್ಳಲಿ, ಬೆಳಿಗ್ಗೆ ಬಾಗಿಲು ತೆಗಿ.

— ದೀಪಾವಳಿಗೆ ನಾವು ಮೈಸೂರಿಗೆ ಬರೋಣ ಅಂತ ಇದ್ವಿ. ಎರಡು ದಿನ ಪಕ್ಕದ ಮನೆಯವರು ಊಟ ಹಾಕ್ತಾರೆ.

— ಈ ಸಲ ಬೇಡ. ಬೆಂಗಳೂರಿನ ಪಟಾಕಿ ಸದ್ದಿಗೆ ಬೆಚ್ಚಿ ಬಿದ್ದ ಬೆಕ್ಕು ಎದುರಿಗೆ ಯಾರಿದ್ದರೆ ಅವರ ಮೇಲೆ ಬೀಳುತ್ತೆ. ಸದ್ದು ಮಾಡಿದ್ದು ಇವನೇ ಅಂದುಕೊಂಡುಬಿಡುತ್ತೆ. ಇಷ್ಟು ದಿನ ಕಟ್ಟಿದ್ದು ಒಂದೇ ಸಂಜೇಲಿ ಹೋಗುತ್ತೆ. ಹಬ್ಬದ ಮೂರು ದಿನವೂ ಕತ್ತಲಾಗೋದಕ್ಕೆ ಮುಂಚೆ ಅವನು ಅವನ ರೂಮಿನಲ್ಲಿ, ಅವಳು ನಿಮ್ಮ ರೂಮಿನಲ್ಲಿ. ಕಿಟಕಿ ಮುಚ್ಚಿ, ಪರದೆ ಎಳೆದು, ಫ್ಯಾನ್ ಜೋರಾಗಿ ಹಾಕಿ. ಇಬ್ಬರ ಹತ್ತಿರವೂ ಒಬ್ಬೊಬ್ಬರು ಇರಬೇಕು.

— ನಾವಿಬ್ಬರೇ ಅಲ್ವಾ ದೊಡ್ಡಮ್ಮಾ, ಅಡುಗೆ, ಪೂಜೆ, ಬಂದವರನ್ನ ಮಾತಾಡಿಸೋರು ಯಾರು?

— ನಾನೇ ಬರ್ತೀನಿ. ಹಿಂದಿನ ದಿನ ಬೆಳಿಗ್ಗೆ ಟ್ರೈನಿಗೆ ಹೊರಡ್ತೀನಿ. ಬೂತಾಯಿ ಮೊದಲೇ ತಂದು ಫ್ರಿಜ್ಜಿನಲ್ಲಿಡಿ, ಹಬ್ಬದ ಸಾಲಿನಲ್ಲಿ ಮಾರ್ಕೆಟ್ ಸುತ್ತೋಕಾಗಲ್ಲ. ಆ ರೂಮು ಅವನಿಗೇ ಇರಲಿ, ನನಗೋಸ್ಕರ ಖಾಲಿ ಮಾಡಿಸಬೇಡ. ನನಗೆ ಹಾಲಿನಲ್ಲೇ ಹಾಸು.